ಮೊಜಾಂಬಿಕ್‌ನಲ್ಲಿ ಪಿರಿಯಾಪಟ್ಟಣದ ಇಂಗ್ಲಿಷು

ಆಫ್ರಿಕಾದ ಮೊಜಾಂಬಿಕ್ ಎಂಬ ದೇಶದಲ್ಲಿ, ಮಲಾವಿಯ ಗಡಿಗೆ ಹತ್ತಿರದ ಒಂದು ಸಣ್ಣ ಊರಿನಲ್ಲಿ, ಈ ಹೊತ್ತು ಒಂದಷ್ಟು ಜನ ಥೇಟ್ ಪಿರಿಯಾಪಟ್ಟಣದವರ ಹಾಗೆ ಇಂಗ್ಲಿಷ್ ಮಾತಾಡುತ್ತಿದ್ದಾರೆ. ‘ನೋ ಕಣ’ ಎನ್ನುತ್ತಾರೆ. ‘ಒಸಿ ವೇಟ್’ ಎನ್ನುತ್ತಾರೆ. ಮುಂದೊಂದು ದಿನ ಯಾರಾದರೂ ಭಾಷಾ ವಿದ್ವಾಂಸರು ಅಲ್ಲಿಗೆ ಹೋಗಿ, ಇದೇನಪ್ಪ ಇಂಗ್ಲಿಷಿನ ಹೊಸ ತಳಿ ಎಂದು ತಲೆ ಕೆರೆದುಕೊಂಡು ಸಂಶೋಧನೆಗೆ ಕೂತಾರು. ಅವರ ಶ್ರಮ ಉಳಿಯಲಿ ಎಂದು ಈಗಲೇ ಹೇಳಿಬಿಡುತ್ತೇನೆ. ಇದಕ್ಕೆ ಬ್ರಿಟಿಷರು ಕಾರಣರಲ್ಲ. ನಮ್ಮತ್ತೆ ಕಾರಣ.

ನಮ್ಮತ್ತೆ ಎಂದರೆ ನಮ್ಮಪ್ಪನ ತಂಗಿ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಪಾಸು ಮಾಡಿದವರು. ಎರಡನೇ ಸಲ ಕಟ್ಟಿದಾಗ ಅದೂ ಪಾಸಾಯಿತು. “ನಾನೇನ್ ಪಾಸ್ ಮಾಡ್ಲಿಲ್ಲ, ಪೇಪರ್ ನೋಡೋರ್ಗೇ ಬೇಜಾರಾಗಿ ಓಗ್ಲಿ ಬುಡು ಅಂತ ಬುಟ್ಬುಟ್ರು” ಎಂದು ಅವರೇ ಹೇಳಿಕೊಳ್ಳುತ್ತಾರೆ. ಅಂಥವರು ಪರದೇಶದಲ್ಲಿ ಇಂಗ್ಲಿಷ್ ಶಾಲೆ ತೆರೆದರು ಎಂದರೆ ನೀವು ನಂಬುತ್ತೀರಾ? ನಾನೂ ನಂಬಿರಲಿಲ್ಲ. ನಾನು ಕೆ.ಆರ್. ನಗರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ನನ್ನ ಹತ್ತಿರ ಎಂ.ಎ. ಇದೆ, ಬಿ.ಎಡ್. ಇದೆ, ಸ್ವಂತ ಶಾಲೆ ಮಾತ್ರ ಇಲ್ಲ. ಅತ್ತೆಯ ಹತ್ತಿರ ಶಾಲೆ ಇದೆ, ಮಿಕ್ಕಿದ್ದು ಯಾವುದೂ ಇಲ್ಲ.

ಅತ್ತೆಯ ಬಂಡವಾಳವೆಲ್ಲ ಬಾಯಿ. ಒಮ್ಮೆ ಹಲ್ಲು ಕೀಳಿಸಲೆಂದು ಹುಣಸೂರಿನಲ್ಲಿ ಮೈಸೂರಿನ ಬಸ್ಸು ಹತ್ತಿದರು. ಪಕ್ಕದ ಸೀಟಿನಲ್ಲಿ ಹಂಪಾಪುರದ ಯಾರೋ ಹೆಂಗಸು. ಬಸ್ಸು ಬಿಳಿಕೆರೆ ದಾಟುವ ಹೊತ್ತಿಗೆ ಆಕೆಯ ಮಗಳಿಗೆ, ಹ್ಯಾಂಡ್‌ಪೋಸ್ಟ್‌ನಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ ಹುಡುಗನೊಬ್ಬನನ್ನು ಅತ್ತೆ ಗೊತ್ತು ಮಾಡಿ ಆಗಿತ್ತು. ಆ ಮದುವೆ ನಿಜಕ್ಕೂ ನಡೆಯಿತು. ನಡೆಯದೆ ಉಳಿದದ್ದು ಹಲ್ಲು ಕೀಳುವ ಕೆಲಸ. ಸಂಜೆ ಅದೇ ಊದಿದ ಕೆನ್ನೆಯಲ್ಲಿ ವಾಪಸ್ ಬಂದ ಅತ್ತೆಯನ್ನು ಏನಾಯಿತೆಂದು ಕೇಳಿದರೆ, “ಆ ಡಾಕ್ಟ್ರು ಬಾಯಿ ತಕ್ಕೊಂಡು ಮಾತಾಡ್ದಂಗೆ ಕೂತ್ಕೊಳಿ ಅಂತಾನೆ. ಅದೆಂಗ್ಲಾ ಕೂರದು?” ಎಂದರು.

ಇಂಥವರಿಗೆ ಗಂಟುಬಿದ್ದ ನಮ್ಮ ಮಾವ ತದ್ವಿರುದ್ಧ. ಪಿರಿಯಾಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಿ ಹೊಗೆಸೊಪ್ಪು ಬೆಳೆಯುವ ಮನೆತನ ಅವರದು. ಕೊಯ್ದ ಎಲೆಯನ್ನು ಸಾಲಾಗಿ ತೂಗುಹಾಕಿ, ಬಿಸಿ ಕೊಟ್ಟು, ಹಳದಿ ಬಣ್ಣಕ್ಕೆ ತರುವ ಎತ್ತರದ ಕೋಣೆಗೆ ನಮ್ಮ ಕಡೆ ಬ್ಯಾರನ್ ಎನ್ನುತ್ತಾರೆ. ಅದರ ಮುಂದೆ ಕೂತು ಬೆಂಕಿ ಕಾಯುವುದೇ ಮಾವನ ಕಸುಬು. ಬ್ಯಾರನ್ ಜೊತೆ ಏನು ಮಾತು? ಹಾಗಾಗಿ ಅವರ ಹತ್ತಿರ ಇದ್ದದ್ದು ‘ಹೂಂ’, ‘ಉಹೂಂ’ ಮತ್ತು ‘ನೋಡಣ’. ಮದುವೆಯಾದ ಹೊಸತರಲ್ಲಿ ನಮ್ಮಜ್ಜಿ ಗಾಬರಿಯಾಗಿ ಮಗಳನ್ನು ಪಕ್ಕಕ್ಕೆ ಕರೆದು, “ಅಳಿಯಂದ್ರು ಮೂಗರೇನವ್ವ?” ಎಂದು ಪಿಸುಗುಟ್ಟಿದ್ದರಂತೆ. ಅತ್ತೆ, “ಇಲ್ಲ ಕಣವ್ವ, ನಾನಿನ್ನೂ ಜಾಗ ಕೊಟ್ಟಿಲ್ಲ ಅಷ್ಟೇಯ” ಎಂದರಂತೆ. ಆ ಜಾಗ ಇವತ್ತಿಗೂ ಕೊಟ್ಟಂತಿಲ್ಲ.

ಮಾವನಿಗೆ ಮೊಜಾಂಬಿಕ್ ಕೆಲಸ ಹೇಗೆ ಬಂತು ಎಂದರೆ, ಅಲ್ಲಿ ಹೊಗೆಸೊಪ್ಪು ಬೆಳೆಸುವ ಕಂಪನಿಯೊಂದಕ್ಕೆ ಎಲೆ ಹದ ಮಾಡಿ ಪಳಗಿದವರು ಬೇಕಾಗಿದ್ದರು. ಮಾವ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ, “ಆಫ್ರಿಕಾಕ್ಕೆ ಕರೀತಾವ್ರೆ. ನೋಡಣ” ಎಂದರು. ಅತ್ತೆಗೆ ಮುದ್ದೆ ಗಂಟಲಲ್ಲೇ ನಿಂತಿತು. ಆಫ್ರಿಕಾದ ವಿಷಯಕ್ಕಲ್ಲ, ಮಾವ ಒಟ್ಟಿಗೆ ಅಷ್ಟು ಮಾತಾಡಿದ್ದಕ್ಕೆ.

ನೆಂಟರೆಲ್ಲ ಸೇರಿ ಚರ್ಚೆ ನಡೆಸಿದರು. ಮಗಳಿಗೆ ಮದುವೆಯಾಗಿದೆ, ಜಮೀನು ತಮ್ಮ ನೋಡಿಕೊಳ್ಳುತ್ತಾನೆ, ಮಾವ ಹೋಗಿ ಬರಲಿ, ಅತ್ತೆ ಇಲ್ಲೇ ಇರಲಿ ಎಂದು ತೀರ್ಮಾನವೂ ಆಯಿತು. ಅತ್ತೆ ಒಪ್ಪಲಿಲ್ಲ. “ಇವ್ರನ್ನ ಒಬ್ರನ್ನೇ ಕಳ್ಸುದ್ರೆ ಇರೋ ಮೂರು ಮಾತೂ ಮರ್ತೋಯ್ತಾರೆ. ಬಂದ್ಮೇಲೆ ಕನ್ನಡಾನ ಮೊದ್ಲಿಂದ ಕಲಿಸೋರ್ಯಾರು, ನೀವಾ?” ಎಂದು ಕೇಳಿದರು. ಯಾರೂ ಮುಂದೆ ಬರಲಿಲ್ಲ. ಹೀಗೆ ಅತ್ತೆ, ರಾಗಿಹಿಟ್ಟಿನ ಸಮೇತ, ವಿಮಾನ ಹತ್ತಿದರು.

ಅಲ್ಲಿಗೆ ಹೋಗಿ ಇಳಿದ ಮೇಲೆ ಗೊತ್ತಾದದ್ದು, ಆ ದೇಶದಲ್ಲಿ ನಡೆಯುವುದು ಪೋರ್ಚುಗೀಸ್ ಭಾಷೆ. ಮನೆಗಳಲ್ಲಿ ಅವರವರ ಆಡುಭಾಷೆ. ಕನ್ನಡ ಬಿಡಿ, ಅತ್ತೆಯ ಹತ್ತಿರವಿದ್ದ ಅರೆಬರೆ ಇಂಗ್ಲಿಷೂ ನಡೆಯುವುದಿಲ್ಲ. ಮಾವನಿಗೆ ಇದರಿಂದ ಒಂದಿಷ್ಟೂ ತೊಂದರೆಯಾಗಲಿಲ್ಲ. ಅವರು ಅಲ್ಲಿನ ಬ್ಯಾರನ್ ಮುಂದೆ ಕೂತರು. ಬೆಂಕಿಗೆ ಯಾವ ಭಾಷೆ? ಸಂಕಟವಾದದ್ದು ಅತ್ತೆಗೆ. ಬೆಳಿಗ್ಗೆ ಮಾವ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಮಾತಾಡಲು ಒಂದು ನರಪಿಳ್ಳೆ ಇಲ್ಲ. ಸಂಜೆ ಮಾವ ಬಂದರೂ ಪರಿಸ್ಥಿತಿ ಹೆಚ್ಚುಕಮ್ಮಿ ಅದೇ.

ಮೊದಲ ತಿಂಗಳು ನನಗೆ ದಿನವೂ ಫೋನ್ ಬರುತ್ತಿತ್ತು. ಎಲ್ಲಕ್ಕಿಂತ ದೊಡ್ಡ ದೂರು ಸಂತೆಯದು. ಅಲ್ಲಿ ತರಕಾರಿ ಮಾರುವ ಒಬ್ಬ ಗಟ್ಟಿಮುಟ್ಟಾದ ಹೆಂಗಸಿದ್ದಳು. ಎಲ್ಲರೂ ಆಕೆಯನ್ನು ‘ಡೋನಾ’ ಎಂದು ಸೇರಿಸಿ ಕರೆಯುತ್ತಿದ್ದರು. ನಾವು ಅಮ್ಮಾವ್ರು ಎನ್ನುವ ಹಾಗೆ ಅದೊಂದು ಮರ್ಯಾದೆಯ ಮಾತು. ಅತ್ತೆ ಅದನ್ನೇ ಹೆಸರು ಎಂದುಕೊಂಡು, ನಮ್ಮ ಕಡೆಯ ಅಚ್ಚಿಗೆ ಹಾಕಿ, ದೋಣಮ್ಮ ಮಾಡಿದರು. ಈ ದೋಣಮ್ಮ ಬೆರಳು ತೋರಿಸಿ ಬೆಲೆ ಹೇಳುತ್ತಿದ್ದಳು. ಅತ್ತೆ ಒಂದು ಬೆರಳು ಮಡಚಿ ತೋರಿಸುತ್ತಿದ್ದರು. ಆಕೆ ಒಪ್ಪಿ ತಲೆ ಆಡಿಸುತ್ತಿದ್ದಳು. ಅಲ್ಲಿಗೆ ವ್ಯಾಪಾರ ಮುಗಿಯಿತು.

“ಇದೂ ಒಂದು ಯಾಪಾರವೇನ್ಲಾ? ನಿನ್ ಟೊಮೇಟೊ ಮೆತ್ತಗಾಗದೆ ಅಂತ ಹೇಳಂಗಿಲ್ಲ, ನಿನ್ನೆ ಕೊಟ್ಟಿದ್ದು ಕೊಳ್ತೋಗಿತ್ತು ಅಂತ ಬೈಯಂಗಿಲ್ಲ. ಚೌಕಾಸಿ ಮಾಡ್ದೆ ತಂದ್ ಟೊಮೇಟೊ ಸಾರ್ಗೆ ಹಾಕುದ್ರೆ ರುಚೀನೇ ಇಲ್ಲ.”

“ಹಾಗಾದ್ರೆ ನೀವು ಪೋರ್ಚುಗೀಸ್ ಕಲ್ತುಬಿಡಿ ಅತ್ತೆ. ಸಂತೆ ಮಟ್ಟಕ್ಕೆ ಎಷ್ಟು ಬೇಕು?” ಎಂದೆ.

“ಈ ವಯಸ್ಸಲ್ಲಿ ನನ್ ಕೈಲಿ ಆಗಲ್ಲ ಕಣ್ಲಾ. ಅವ್ರೆಲ್ಲಾ ನನ್ಗಿಂತ ಚಿಕ್ಕೋರು. ಅವ್ರೇ ಇಂಗ್ಲಿಷ್ ಕಲೀಲಿ.”

ಒಬ್ಬರು ಒಂದು ಭಾಷೆ ಕಲಿಯುವುದಕ್ಕಿಂತ ಒಂದು ಊರೇ ಇನ್ನೊಂದು ಭಾಷೆ ಕಲಿಯುವುದು ಸುಲಭ ಎಂಬ ಈ ತರ್ಕ ನನ್ನ ಎಂ.ಎ. ಪಠ್ಯದಲ್ಲಿ ಇರಲಿಲ್ಲ. ತಮಾಷೆ ಎಂದುಕೊಂಡು ಫೋನ್ ಇಟ್ಟೆ. ಒಂದೆರಡು ವಾರ ಅತ್ತೆಯ ಫೋನೇ ಇಲ್ಲ. ಆಮೇಲೆ ಒಂದು ದಿನ ನಾನು ಒಂಬತ್ತನೇ ಕ್ಲಾಸಿನಲ್ಲಿ ಪಾಠ ಮಾಡುತ್ತಿರುವಾಗ ಫೋನ್ ಬಂತು. ಪರದೇಶದ ಕರೆ, ಏನೋ ತುರ್ತು ಇರಬೇಕೆಂದು ಎತ್ತಿದೆ.

“ಲೇ, ಒಂದೇ ಒಂದು ಡೌಟು.”

“ಅತ್ತೆ, ನಾನು ಕ್ಲಾಸಲ್ಲಿದೀನಿ.”

“ನಾನೂ ಕ್ಲಾಸಲ್ಲೇ ಇವ್ನಿ, ಬ್ಯಾಗ ಹೇಳು.”

ಕಂಪನಿ ಕೊಟ್ಟ ಮನೆಗೆ ಒಂದು ಉದ್ದನೆಯ ಜಗಲಿ ಇತ್ತು. ಮ್ಯಾನೇಜರನ್ನು ಒಪ್ಪಿಸಿ, ಊರಿನ ಮುಖಂಡರ ಕಿವಿಗೂ ಹಾಕಿ, ಅಲ್ಲಿ ಅತ್ತೆ ಶಾಲೆ ತೆರೆದುಬಿಟ್ಟಿದ್ದರು. ಜನ ಬಂದರೇ ಎಂದು ಕೇಳಬೇಡಿ. ಗಡಿ ದಾಟಿದರೆ ಮಲಾವಿ, ಅಲ್ಲೆಲ್ಲ ಇಂಗ್ಲಿಷು. ವ್ಯಾಪಾರಕ್ಕೆ, ಲಾರಿ ಬಾಡಿಗೆಗೆ, ಎಲ್ಲಕ್ಕೂ ಇಂಗ್ಲಿಷ್ ಬೇಕು. ಆ ಊರಿನವರಿಗೆ ಕಲಿಯುವ ಆಸೆ ಮೊದಲೇ ಇತ್ತು, ಕಲಿಸುವವರು ಇರಲಿಲ್ಲ. ಅತ್ತೆಗೆ ಕಲಿಸುವ ಆಸೆ ಇತ್ತು, ಇಂಗ್ಲಿಷ್ ಇರಲಿಲ್ಲ. ಇಬ್ಬರಿಗೂ ಹೊಂದಿಕೆಯಾಯಿತು. ಮೊದಲ ವಿದ್ಯಾರ್ಥಿನಿ ದೋಣಮ್ಮನೇ. ಎರಡನೆಯವನು ಟೊಮಾಸ್ ಎಂಬ ಲಾರಿ ಡ್ರೈವರು. ಆಮೇಲೆ ಕಂಪನಿಯ ಕಾವಲುಗಾರರು, ಹೊಲಿಗೆಯವನು, ಅವರಿವರು.

ಬಾಗಿಲ ಮೇಲೆ ಬೋರ್ಡೂ ಬಂತು. ಫೋಟೊ ಕಳಿಸಿದರು. ‘ಪಿರಿಯಾಪಟ್ಟಣ ಇಂಟರ್‌ನ್ಯಾಷನಲ್ ಇಂಗ್ಲಿಷ್ ಸ್ಕೂಲ್’ ಎಂದಿತ್ತು.

“ಜಗಲಿ ಮೇಲಿನ ಸ್ಕೂಲಿಗೆ ಇಂಟರ್‌ನ್ಯಾಷನಲ್ ಯಾಕತ್ತೆ?” ಎಂದೆ.

“ಯಾಕ್ಲಾ, ಪಿರಿಯಾಪಟ್ಣ ಇಲ್ಲಿಗೆ ಫಾರಿನ್ ಅಲ್ವಾ?”

ಒಪ್ಪಿಕೊಳ್ಳದೆ ಗತಿಯಿರಲಿಲ್ಲ.

ಅಂದು ತರಗತಿಯ ನಡುವೆ ಅವರು ಕೇಳಿದ ಡೌಟು ಪ್ಯಾಸಿವ್ ವಾಯ್ಸ್ ಬಗ್ಗೆ. ಟೊಮಾಸ್ ಎಲ್ಲಿಂದಲೋ ಒಂದು ಹಳೇ ವ್ಯಾಕರಣದ ಪುಸ್ತಕ ಹಿಡಿದುಕೊಂಡು ಬಂದಿದ್ದನಂತೆ. ನಾನು ನನ್ನ ಕ್ಲಾಸಿಗೂ ಅವರ ಕ್ಲಾಸಿಗೂ ಒಟ್ಟಿಗೇ ಆಗಲಿ ಎಂದು, ‘ರಾಮ ಹಣ್ಣು ತಿಂದ’ ಎಂಬುದನ್ನು ‘ರಾಮನಿಂದ ಹಣ್ಣು ತಿನ್ನಲ್ಪಟ್ಟಿತು’ ಎಂದು ಹೇಳುವ ಕ್ರಮ ವಿವರಿಸಿದೆ.

“ಅಂಗ್ಯಾಕ್ ಸುತ್ತಿ ಬಳಸಿ ಹೇಳ್ಬೇಕು?”

“ಯಾರು ಮಾಡಿದ್ರು ಅನ್ನೋದು ಅಷ್ಟು ಮುಖ್ಯ ಅಲ್ಲದಾಗ ಹಾಗೆ ಹೇಳ್ತಾರೆ ಅತ್ತೆ.”

“ಯಾರ್ ಮಾಡುದ್ರು ಅನ್ನೋದೇ ಮುಖ್ಯ ಕಣ್ಲಾ. ನಮ್ಮೂರಲ್ಲಿ ಜಗಳ ಆಗೋದೇ ಅದಕ್ಕೆ. ಇದನ್ನ ನನ್ ಸ್ಕೂಲಲ್ಲಿ ತಗುದ್ಬುಟ್ಟೆ.”

ಹೀಗೆ ಆ ಊರಿನಲ್ಲಿ ಪ್ಯಾಸಿವ್ ವಾಯ್ಸ್ ರದ್ದಾಯಿತು. ನನ್ನ ಒಂಬತ್ತನೇ ಕ್ಲಾಸಿನ ಮಕ್ಕಳು ಮುಂದಿನ ಒಂದು ತಿಂಗಳು, ಅದನ್ನು ನಮ್ಮಲ್ಲೂ ತೆಗೆಯಬಾರದೇ ಸಾರ್ ಎಂದು ನನ್ನ ಪ್ರಾಣ ತಿಂದರು.

ಅತ್ತೆಯ ಬೋಧನಾ ಕ್ರಮವೇ ಬೇರೆ. ಎ ಬಿ ಸಿ ಡಿಯಿಂದ ಶುರು ಮಾಡಿದ್ದಕ್ಕೇ ತಾವು ಫೇಲಾದದ್ದು ಎಂದು ಅವರ ನಂಬಿಕೆ. ಹಾಗಾಗಿ ಮೊದಲ ಪಾಠ ಚೌಕಾಸಿ. ‘ಹೌ ಮಚ್?’ ‘ಟೂ ಮಚ್.’ ‘ಲಾಸ್ಟ್ ಪ್ರೈಸ್ ಟೆಲ್.’ ‘ಓಕೆ, ಐ ಆಮ್ ಗೋಯಿಂಗ್.’ ಈ ಕೊನೆಯ ವಾಕ್ಯ ಹೇಳುವಾಗ ನಿಜವಾಗಿಯೂ ಎದ್ದು, ಮುಖ ತಿರುಗಿಸಿ, ನಾಲ್ಕು ಹೆಜ್ಜೆ ನಡೆಯಬೇಕು. ನಡೆಯದೆ ಹೇಳಿದರೆ ಅದು ಇಂಗ್ಲಿಷೇ ಅಲ್ಲ. ಮೊದಲ ದಿನ ಇಡೀ ತರಗತಿ ಒಕ್ಕೊರಲಿನಿಂದ ‘ಐ ಆಮ್ ಗೋಯಿಂಗ್’ ಎಂದು ಎದ್ದು ನಡೆಯಿತು. ಅರ್ಧ ಜನ ತಿರುಗಿ ಬಂದರು. ಮಿಕ್ಕವರು ಶಾಲೆ ಬಿಟ್ಟಿತು ಎಂದು ಮನೆಗೆ ಹೋದರು.

ಎರಡನೇ ಪಾಠ ಮರ್ಯಾದೆ. ಗುಡ್ ಮಾರ್ನಿಂಗ್ ಎಂಬುದರ ಮೇಲೆ ಅತ್ತೆಗೆ ನಂಬಿಕೆ ಇಲ್ಲ. “ಬೆಳಿಗ್ಗೆ ಚೆನ್ನಾಗದೆ ಅಂತ ಅವ್ನಿಗೂ ಗೊತ್ತು, ನಂಗೂ ಗೊತ್ತು, ಅದ್ನೇನ್ ಹೇಳದು?” ಅದರ ಬದಲು ‘ಹ್ಯಾಡ್ ಯುವರ್ ಫುಡ್?’ ಎಂದು ಕೇಳುವುದನ್ನು ಕಲಿಸಿದರು. ನಮ್ಮ ಕಡೆ ಊಟ ಆಯ್ತಾ ಎಂದು ಕೇಳಿದರೆ ಯಾರೂ ಊಟ ಹಾಕಿಸಿ ಎಂದು ಅರ್ಥ ಮಾಡಿಕೊಳ್ಳುವುದಿಲ್ಲ. ಆದರೆ ಕಂಪನಿಯ ಮ್ಯಾನೇಜರು ಪರಸ್ಥಳದವನು. ದಿನಾ ಮಧ್ಯಾಹ್ನ ಅವನ ಕಾರು ಗೇಟು ದಾಟುವಾಗ ಕಾವಲುಗಾರರೆಲ್ಲ ಬಗ್ಗಿ ಕಿಟಕಿಯೊಳಗೆ ಮುಖ ಹಾಕಿ, ‘ಹ್ಯಾಡ್ ಯುವರ್ ಫುಡ್, ಸಾರ್?’ ಎಂದು ಕೇಳುವುದು. ಒಂದು ವಾರ ನೋಡಿದ. ಪಾಪ, ಇವರಿಗೆ ಹಸಿವು ಇರಬೇಕು, ಬಾಯಿಬಿಟ್ಟು ಹೇಳಲಾಗದೆ ಹೀಗೆ ಕೇಳುತ್ತಿದ್ದಾರೆ ಎಂದುಕೊಂಡು ಕಾವಲುಗಾರರಿಗೆಲ್ಲ ಮಧ್ಯಾಹ್ನದ ಊಟ ಮಂಜೂರು ಮಾಡಿದ. ಮಾರನೇ ದಿನವೇ ಶಾಲೆಗೆ ಹೊಸಬರು ನುಗ್ಗಿದರು.

“ನಿನ್ ಗ್ರಾಮರ್ರಿಂದ ಯಾರಿಗಾರ ಒಂದ್ ತುತ್ತು ಅನ್ನ ಬಂದದೇನ್ಲಾ?” ಎಂದು ಅತ್ತೆ ಕೇಳಿದರು. ನಾನು ನೆಟ್‌ವರ್ಕ್ ಸರಿಯಿಲ್ಲ ಎಂದೆ.

ಟೊಮಾಸ್‌ನದು ಇನ್ನೊಂದು ಕತೆ. ಅವನು ಲೋಡು ತೆಗೆದುಕೊಂಡು ಮಲಾವಿಗೆ ಹೋದಾಗ ಅಲ್ಲೊಬ್ಬ ಗುಜರಾತಿ ವ್ಯಾಪಾರಿಯ ಅಂಗಡಿಗೆ ಹೋಗಿ, ಬಲು ಗೌರವದಿಂದ, ‘ವಾಟ್ ಕಣ್ರೀ ಸಾರ್, ಹ್ಯಾಡ್ ಯುವರ್ ಫುಡ್?’ ಎಂದನಂತೆ. ತಲೆಮಾರುಗಳಿಂದ ಅಲ್ಲೇ ಇದ್ದು ಬಗೆಬಗೆಯ ಇಂಗ್ಲಿಷ್ ಕೇಳಿದ್ದ ಆ ವ್ಯಾಪಾರಿಗೂ ಈ ‘ಕಣ್ರೀ’ ಹೊಸದು. ಎಲ್ಲಿ ಓದಿದೆಯಪ್ಪ ಎಂದು ಕೇಳಿದ. ಟೊಮಾಸ್ ಎದೆಯುಬ್ಬಿಸಿ, ‘ಪಿರಿಯಾಪಟ್ಟಣ ಇಂಟರ್‌ನ್ಯಾಷನಲ್’ ಎಂದ. ಇದು ಯಾವುದೋ ಲಂಡನ್ನಿನ ಆಸುಪಾಸಿನ ದೊಡ್ಡ ಕಾಲೇಜು ಇರಬೇಕೆಂದು ವ್ಯಾಪಾರಿ ಎದ್ದು ಕುರ್ಚಿ ಕೊಟ್ಟು ಚಹಾ ತರಿಸಿದನಂತೆ.

ಶಾಲೆಯ ಫೀಜು ದುಡ್ಡಲ್ಲ, ಅವರವರ ಮನೆಯಲ್ಲಿ ಇದ್ದದ್ದು. ಕಡಲೆಕಾಯಿ, ಜೋಳದ ಹಿಟ್ಟು, ಒಮ್ಮೊಮ್ಮೆ ಕೋಳಿ. ದೋಣಮ್ಮ ಬುಟ್ಟಿ ತುಂಬ ಟೊಮೇಟೊ ತಂದು ಇಡುತ್ತಿದ್ದಳು. ಅತ್ತೆಗೆ ಸಂತೋಷವಾಗಬೇಕಲ್ಲವೇ? ಆಗಲಿಲ್ಲ. “ಯಾವಳ ಹತ್ರ ಚೌಕಾಸಿ ಮಾಡಣ ಅಂತ ಇಷ್ಟೆಲ್ಲಾ ಸ್ಕೂಲ್ ಕಟ್ಟುದ್ನೋ ಅವ್ಳೇ ಬಿಟ್ಟಿ ತಂದ್ ಸುರೀತಾಳೆ. ಟೂ ಮಚ್ ಅಂತ ಯಾವ್ದುಕ್ಕನ್ಲಿ?” ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಟೊಮೇಟೊ ಬಿಟ್ಟಿಯೇ, ಆದರೆ ಕೊಡುವ ಮೊದಲು ಒಂದು ಬೆಲೆ ಹೇಳಬೇಕು, ಅತ್ತೆ ಅದನ್ನು ಇಳಿಸಬೇಕು, ಇಬ್ಬರೂ ಸಾಕಷ್ಟು ಜಗಳವಾಡಬೇಕು, ಅತ್ತೆ ಒಮ್ಮೆಯಾದರೂ ಎದ್ದು ಹೋಗಬೇಕು. ಆಮೇಲೆ ಬಿಟ್ಟಿ.

ಇನ್ನು ಪರೀಕ್ಷೆ. ಶಾಲೆ ಎಂದ ಮೇಲೆ ಪರೀಕ್ಷೆ ಬೇಡವೇ? ಪ್ರಶ್ನೆಪತ್ರಿಕೆ ನಾನು ತಯಾರು ಮಾಡಿ ಕಳಿಸಲೇ ಎಂದು ಕೇಳಿದೆ. ಬೇಡ, ನಮ್ಮನೇಲೇ ಅದೆ ಎಂದರು. ಏನೆಂದರೆ, ಸಂಜೆ ಮಾವ ಕೆಲಸ ಮುಗಿಸಿ ಬಂದು ಜಗಲಿಯ ತುದಿಯಲ್ಲಿ ಕಾಲು ಚಾಚಿ ಕೂರುತ್ತಾರಲ್ಲ, ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಹೋಗಿ ಅವರನ್ನು ಇಂಗ್ಲಿಷಿನಲ್ಲಿ ಮಾತಾಡಿಸಬೇಕು. ಯಾರು ಅವರ ಬಾಯಿಂದ ಒಂದು ಪೂರ್ತಿ ವಾಕ್ಯ ಹೊರಡಿಸುತ್ತಾರೋ ಅವರು ಪಾಸು.

“ಅತ್ತೆ, ಇದರಲ್ಲಿ ನೀವೇ ಪಾಸಾಗಿಲ್ಲ” ಎಂದೆ.

“ಅದಕ್ಕೇ ಅಲ್ವಾ ಕಷ್ಟದ ಪರೀಕ್ಷೆ ಅನ್ನದು.”

ಟೊಮಾಸ್ ರಸ್ತೆಯ ವಿಷಯ, ಲಾರಿಯ ವಿಷಯ, ಊರಿನ ಸುದ್ದಿಯೆಲ್ಲ ಹೇಳಿದ. ಮಾವ ‘ಹೂಂ’ ಎಂದರು. ಫೇಲು. ಹೊಲಿಗೆಯವನು ಅಂಗಿಯ ಅಳತೆ ಕೇಳಿದ. ಮಾವ ಎದ್ದು ನಿಂತು ಕೈ ಎತ್ತಿದರು. ಫೇಲು. ಕಾವಲುಗಾರರೆಲ್ಲ ಸಾಲಾಗಿ ಊಟ ಆಯಿತೇ ಎಂದು ಕೇಳಿ ಸಾಲಾಗಿ ಫೇಲಾದರು. ಕೊನೆಗೆ ದೋಣಮ್ಮ ಹೋದಳು. ಅವಳು ಏನೂ ಕೇಳಲಿಲ್ಲ. ಮಾವನ ಪಕ್ಕ, ಸ್ವಲ್ಪ ದೂರದಲ್ಲಿ, ಸುಮ್ಮನೆ ಕೂತಳು. ಮಾವ ನೋಡುತ್ತಿದ್ದ ಕಡೆಗೆ ತಾನೂ ನೋಡುತ್ತಾ ಬಹಳ ಹೊತ್ತು ಕೂತಳು. ಬೇರೆಯವರೆಲ್ಲ ಬೇಸತ್ತು ಮಾತಿಗೆ ತೊಡಗಿದರು. ಆಗ ಮಾವ ಗುಡ್ಡದ ಕಡೆ ಕೈ ತೋರಿಸಿ, “ರೈನ್ ಈಸ್ ಕಮಿಂಗ್” ಎಂದರು. ದೋಣಮ್ಮ, “ಎಸ್” ಎಂದಳು.

ಅತ್ತೆ ಇದನ್ನು ನನಗೆ ಹೇಳಿದಾಗ ಅವರ ದನಿಯಲ್ಲಿ ಒಂದಿಷ್ಟು ಅಸೂಯೆ ಇತ್ತು. “ಇಷ್ಟು ವರ್ಷದಲ್ಲಿ ನಂಗೆ ಹೊಳೀಲಿಲ್ಲ ನೋಡು, ಸುಮ್ಕಿದ್ರೆ ಮಾತಾಡ್ತಾರೆ ಅಂತ” ಎಂದರು. ಹೊಳೆದ ಮೇಲಾದರೂ ಸುಮ್ಮನಿದ್ದರೇ ಎಂದರೆ, ಅದು ಬೇರೆ ಮಾತು.

ಒಂದು ದಿನ ವಿಡಿಯೊ ಕರೆ ಮಾಡಿ ಫೋನನ್ನು ತರಗತಿಯ ಕಡೆ ತಿರುಗಿಸಿದರು. ಜಗಲಿಯ ತುಂಬ ಜನ. ಅತ್ತೆ ನನ್ನನ್ನು ತೋರಿಸಿ, “ದಿಸ್ ಈಸ್ ಮೈ ನೆಫ್ಯೂ. ಹೆಡ್ ಆಫೀಸ್” ಎಂದು ಪರಿಚಯಿಸಿದರು. ನಾನೂ ಫೋನನ್ನು ನಮ್ಮ ಕ್ಲಾಸಿನ ಮಕ್ಕಳ ಕಡೆ ತಿರುಗಿಸಿದೆ. ಅಲ್ಲಿಂದ ಎಲ್ಲರೂ ಒಂದೇ ಉಸಿರಿಗೆ ಊಟವಾಯಿತೇ ಎಂದು ಕೇಳಿದರು. ನಾನು ವರ್ಷಗಟ್ಟಲೆ ಒದ್ದಾಡಿದರೂ ಇಂಗ್ಲಿಷಿನಲ್ಲಿ ಬಾಯಿ ತೆರೆಯದ ನಮ್ಮ ಮಕ್ಕಳು ಆವತ್ತು ಬೆಂಚಿನ ಮೇಲೆ ಹತ್ತಿ ನಿಂತು, ಮುದ್ದೆ ತಿಂದದ್ದು, ಉಪ್ಸಾರು ತಿಂದದ್ದು, ಏನೂ ತಿನ್ನದೆ ಓಡಿ ಬಂದದ್ದು, ಎಲ್ಲವನ್ನೂ ಬಾಯಿಗೆ ಬಂದ ಇಂಗ್ಲಿಷಿನಲ್ಲಿ ಹೇಳಿದರು. ಪಕ್ಕದ ಕ್ಲಾಸಿನ ಮೇಡಮ್ಮು ಗಲಾಟೆ ಎಂದು ಬಂದವರು, ತಾವೂ ನಿಂತು ಒಂದು ಮಾತು ಸೇರಿಸಿ ಹೋದರು.

ಇದನ್ನೆಲ್ಲ ಈಗ ನಗುನಗುತ್ತಾ ಹೇಳುತ್ತಿದ್ದೇನೆ. ಆದರೆ ಸಂಕ್ರಾಂತಿ ಕಳೆದ ಮೇಲೆ, ಅಲ್ಲಿ ಜೋರು ಮಳೆಗಾಲ, ಮಾವನಿಗೆ ಜ್ವರ ಬಂತು. ಕಷಾಯ ಕುಡಿದು ಸುಮ್ಮನೆ ಮಲಗಿದರು. ನೋವು ಹೇಳಿಕೊಳ್ಳುವ ಜಾಯಮಾನ ಅವರದಲ್ಲವಲ್ಲ. ಮೂರನೇ ದಿನ ಮೈ ಕೆಂಡವಾಗಿ, ಕರೆದರೆ ಕಣ್ಣು ಬಿಡದ ಹಾಗಾದಾಗ ಕಂಪನಿಯ ಜೀಪಿನಲ್ಲಿ ದೂರದ ದೊಡ್ಡಾಸ್ಪತ್ರೆಗೆ ಸಾಗಿಸಿದರು. ಮ್ಯಾನೇಜರು ಊರಲ್ಲಿರಲಿಲ್ಲ. ಜೀಪಿನವನಿಗೆ ಪೋರ್ಚುಗೀಸ್ ಬಿಟ್ಟು ಬೇರೆ ಗೊತ್ತಿಲ್ಲ. ಆಸ್ಪತ್ರೆಯ ಡಾಕ್ಟರಿಗೂ ಅಷ್ಟೇ.

ಆ ಡಾಕ್ಟರು ಒಳ್ಳೆಯವರೇ. ಏನೇನೋ ಕೇಳಿದರು. ಅತ್ತೆ ಕನ್ನಡದಲ್ಲಿ ಹೇಳಿದರು, ಇಂಗ್ಲಿಷಿನಲ್ಲಿ ಹೇಳಿದರು, ಕೈಸನ್ನೆಯಲ್ಲಿ ಹೇಳಿದರು. ಡಾಕ್ಟರು ಅರ್ಥವಾಗದೆ ತಲೆ ಆಡಿಸಿದರು. ಅತ್ತೆ ಹೇಳಬೇಕಾಗಿದ್ದದ್ದು ಒಂದೇ ವಿಷಯ. ಹಿಂದೊಮ್ಮೆ ಮೈಸೂರಿನಲ್ಲಿ ಒಂದು ಇಂಜೆಕ್ಷನ್ ಒಗ್ಗದೆ ಮಾವನ ಮೈಯೆಲ್ಲ ಊದಿ, ಉಸಿರು ಕಟ್ಟಿ, ಜೀವ ಹೋಗಿ ಬಂದಿತ್ತು. ಆ ಔಷಧಿಯ ಹೆಸರು ಅತ್ತೆಗೆ ಗೊತ್ತಿತ್ತು, ಆದರೆ ಅವರ ಬಾಯಲ್ಲಿ ಅದು ಪಿರಿಯಾಪಟ್ಟಣದ ಹೆಸರಾಗಿತ್ತು. ನರ್ಸು ಏನೋ ಒಂದು ಸೂಜಿಗೆ ಔಷಧಿ ತುಂಬುತ್ತಿದ್ದಳು. ಜೀವಮಾನವಿಡೀ ಮಾತಾಡಿದ ನಮ್ಮತ್ತೆಗೆ, ಒಂದು ಮಾತು ಅರ್ಥವಾಗಲೇಬೇಕಾದ ಆ ಗಳಿಗೆಯಲ್ಲಿ, ಯಾರಿಗೂ ಏನೂ ಅರ್ಥ ಮಾಡಿಸಲು ಆಗಲಿಲ್ಲ. ನರ್ಸಿನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತುಬಿಟ್ಟರಂತೆ.

ಅಷ್ಟರಲ್ಲಿ ದೋಣಮ್ಮ ಬಂದಳು. ಸುದ್ದಿ ತಿಳಿದ ಕೂಡಲೇ ಅಂಗಡಿಯ ಮೇಲೆ ಗೋಣಿ ಎಳೆದು, ಟೊಮಾಸ್‌ನ ಲಾರಿ ಹತ್ತಿ ಬಂದಿದ್ದಳು. ಅತ್ತೆ ಅವಳ ಮುಖ ನೋಡಿ, “ದೋಣಮ್ಮ, ದಿಸ್ ಇಂಜೆಕ್ಷನ್ ನೋ ಕಣ. ಮೈಸೂರು, ದಿಸ್ ಇಂಜೆಕ್ಷನ್, ಬಾಡಿ ಬಿಗ್ ಬಿಗ್ ಕಮಿಂಗ್, ಬ್ರೀದಿಂಗ್ ಗೋಯಿಂಗ್” ಎಂದರು. ಯಾವ ವ್ಯಾಕರಣದಲ್ಲೂ ಇಲ್ಲದ ಈ ಇಂಗ್ಲಿಷು ಈ ಭೂಮಿಯ ಮೇಲೆ ಒಂದು ಜಗಲಿಯಲ್ಲಿ ಕೂತವರಿಗೆ ಮಾತ್ರ ಅರ್ಥವಾಗುವಂಥದ್ದು. ದೋಣಮ್ಮ ಅಲ್ಲಿ ಕೂತವಳು. ಡಾಕ್ಟರ ಕಡೆ ತಿರುಗಿ ಪೋರ್ಚುಗೀಸಿನಲ್ಲಿ ಒಂದೇ ಸಮನೆ ಹೇಳಿದಳು. ಡಾಕ್ಟರು ಸೂಜಿ ಕೆಳಗಿಡಿಸಿ ಬೇರೆ ಔಷಧಿ ತರಿಸಿದರು. ಆಮೇಲೆ ದೋಣಮ್ಮ ಅತ್ತೆಯ ಎರಡೂ ಕೈ ಹಿಡಿದು, “ಡಾಕ್ಟರ್ ಟೆಲ್ಲಿಂಗ್, ಮಲೇರಿಯಾ. ಬ್ಯಾಡ್ ಮಲೇರಿಯಾ. ಬಟ್ ಕಮಿಂಗ್ ಓಕೆ. ಯು ಡೋಂಟ್ ಕ್ರೈ ಕಣ” ಎಂದಳಂತೆ.

ಮಾವ ಉಳಿದರು. ನಿಧಾನವಾಗಿ ಗುಣವಾಗಿ, ಈಗ ಮತ್ತೆ ಬ್ಯಾರನ್ ಮುಂದೆ ಕೂತಿದ್ದಾರೆ. ಶಾಲೆಯೂ ನಡೆಯುತ್ತಿದೆ. ಒಂದೇ ವ್ಯತ್ಯಾಸವೆಂದರೆ ಬೆಳಗಿನ ಹೊತ್ತು ಅತ್ತೆ ಸಂತೆಗೆ ಹೋಗಿ, ಟೊಮೇಟೊ ಬುಟ್ಟಿಗಳ ಹಿಂದೆ ಒಂದು ಮಣೆಯ ಮೇಲೆ ಕೂತು, ದೋಣಮ್ಮನಿಂದ ಪೋರ್ಚುಗೀಸ್ ಕಲಿಯುತ್ತಿದ್ದಾರೆ. ಓದು ಹೇಗೆ ನಡೆದಿದೆ ಎಂದು ಮೊನ್ನೆ ದೋಣಮ್ಮನನ್ನೇ ವಿಡಿಯೊದಲ್ಲಿ ಕೇಳಿದೆ. ಆಕೆ ಹಣೆ ಚಚ್ಚಿಕೊಂಡು, “ಟೂ ಮಚ್ ಟಾಕಿಂಗ್” ಎಂದಳು.

ಆದರೆ ನಾನು ಹೇಳದೆ ಉಳಿಸಿಕೊಂಡದ್ದು ಆಸ್ಪತ್ರೆಯ ದಿನಗಳ ಒಂದು ಫೋನಿನ ವಿಷಯ. ಆವತ್ತು ಸಂಜೆ ನಾನು ಕೆ.ಆರ್. ನಗರದ ಬಸ್‌ ನಿಲ್ದಾಣದಲ್ಲಿ ನಿಂತಿದ್ದೆ. ಅತ್ತೆಯ ನಂಬರು. ಎತ್ತಿದರೆ ಅತ್ತೆಯಲ್ಲ, ಗಂಡಸಿನ ದನಿ, ಬಹಳ ಕ್ಷೀಣವಾಗಿತ್ತು. ಯಾರೆಂದು ತಿಳಿಯಲಿಲ್ಲ. ಮಾವ ನನಗೆ ಯಾವತ್ತೂ ಫೋನ್ ಮಾಡಿದವರಲ್ಲ. ಫೋನಿನಲ್ಲಿ ಅವರ ದನಿ ಹೇಗಿರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ.

“ನಾನ್ ಕಣಪ್ಪ. ನಿಮ್ ಮಾವ.”

“ಮಾವ, ಹೇಗಿದೀರಿ? ಅತ್ತೆ ಎಲ್ಲಿ?”

“ನಂಗೇನಿಲ್ಲ ಬುಡು, ಜ್ವರ ಇಳ್ದದೆ. ಅವ್ಳು ಇಲ್ಲೇ ಕೂತವ್ಳೆ.” ದನಿ ಇನ್ನಷ್ಟು ತಗ್ಗಿಸಿದರು. “ನಾನ್ ಕಣ್ ಬುಟ್ಟಾಗಿಂದ ನೋಡ್ತಾವ್ನಿ, ಒಂದ್ ಮಾತೂ ಆಡಿಲ್ಲ. ದೋಣಮ್ಮನ್ ಜೊತೇಲೂ ಆಡಿಲ್ಲ. ಉಣ್ಣು ಅಂದ್ರೆ ಉಣ್ತಾಳೆ, ಅಷ್ಟೇಯ. ಜ್ವರ ಬಂದಿದ್ದು ನಂಗೆ, ಮಾತೋಗಿರದು ಅವ್ಳಿಗೆ. ನಂಗೆ ಭಯ ಆಯ್ತದೆ ಕಣಪ್ಪ. ನೀನೊಸಿ ಮಾತಾಡ್ಸು. ಬೈಯುದ್ರೂ ಸರಿ.”

ಫೋನು ಕೈ ಬದಲಾದದ್ದು ಗೊತ್ತಾಯಿತು. “ಅತ್ತೆ” ಎಂದೆ. ಉತ್ತರ ಇಲ್ಲ. ಇನ್ನೊಮ್ಮೆ ಕರೆದೆ. ಆಗ ಅವರು ಅಳುವುದು ಕೇಳಿಸಿತು, ಮಾತಿಲ್ಲದೆ ಬರೀ ಬಿಕ್ಕುವ ಅಳು. ಎದುರಿಗಿದ್ದ ಬಸ್ಸು ಹೊರಟುಹೋಯಿತು, ನಾನು ಹತ್ತಲಿಲ್ಲ.

ಆಮೇಲೆ ಫೋನಿನ ಆಚೆ ಬದಿಯಿಂದ, ಸ್ವಲ್ಪ ದೂರದಲ್ಲಿ, ಮಾವ ಮಾತಾಡುವುದು ಕೇಳಿಸತೊಡಗಿತು. ಈ ಸಲ ಎಲೆ ಚೆನ್ನಾಗಿ ಬಂದಿದೆ ಎಂದರು. ಪಕ್ಕದ ಮಂಚದ ಮುದುಕ ರಾತ್ರಿಯೆಲ್ಲ ಗೊರಕೆ ಹೊಡೆಯುತ್ತಾನೆ ಎಂದರು. ಊರಲ್ಲಿ ಈಗ ಅವರೆಕಾಯಿ ಕಾಲ, ತಮ್ಮ ಅದನ್ನು ಹೊಲದ ಬದುವಿಗೆ ಹಾಕಿದ್ದಾನೋ ಇಲ್ಲವೋ ಎಂದರು. ಮದುವೆಗೆ ಮುಂಚೆ ಹೆಣ್ಣು ನೋಡಲು ಬಂದಾಗ ನೀನು ಹಸಿರು ಸೀರೆ ಉಟ್ಟಿದ್ದೆ, ಬಾಗಿಲ ಹಿಂದೆ ನಿಂತು ಯಾರನ್ನೋ ಬೈಯುತ್ತಿದ್ದೆ, ಅದು ಕೇಳಿಯೇ ನಾನು ಒಪ್ಪಿದ್ದು ಎಂದರು. ನಡುವೆ ಕೆಮ್ಮು ಬಂತು, ಸುಧಾರಿಸಿಕೊಂಡು ಮತ್ತೆ ಮುಂದುವರಿಸಿದರು. ಅತ್ತೆಯ ಅಳು ಕಡಿಮೆಯಾಗುತ್ತಾ ಬಂತು. ಮಾವ ನಿಲ್ಲಿಸಲಿಲ್ಲ. ನಾನು ಫೋನ್ ಇಡಲಿಲ್ಲ.